ಮೂಡದ ಹಲ್ಲು

ಮೂಡಲಗಿಯ ದನಗಳ ಸಂತೆಯಲ್ಲಿ ಎತ್ತಿನ ವಯಸ್ಸನ್ನು ಮಾರುವವನ ಬಾಯಿಂದ ಕೇಳಿ ನಂಬುವವರಿಲ್ಲ. ಎತ್ತಿನ ಬಾಯನ್ನೇ ನೋಡಿ ನಂಬುತ್ತಾರೆ. ಕೊಳ್ಳುವವನು ಒಂದು ಕೈಯಿಂದ ಮೂಗುದಾಣವನ್ನು ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೆಳದುಟಿಯನ್ನು ಸರಿಸಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ‘ಇನ್ನೂ ಹಾಲುಹಲ್ಲು’, ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದು ತೀರ್ಪು ಹೇಳಿಬಿಡುತ್ತಾನೆ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳೇ ಇಲ್ಲ. ಕೆಳಗಿನ ಎಂಟೇ ಅದರ ಜನ್ಮಪತ್ರಿಕೆ. ಆ ಎಂಟರಲ್ಲಿ ಒಂದು ಮೂಡದೆ ಉಳಿದರೂ ನೋಡುವವನ ಕಣ್ಣಿಗೆ ಅದು ಬೀಳದೆ ಹೋಗದು. ಆದರೆ ಅದೇ ಸಂತೆಯಿಂದ ಮನೆಗೆ ಮರಳಿದ ಮನುಷ್ಯನು ತನ್ನ ಮಕ್ಕಳ ಬಾಯನ್ನು ಹಾಗೆ ತೆರೆದು ನೋಡುವುದು ಅಪರೂಪ. ಹತ್ತು ವರುಷದ ಕೂಸಿಗೆ ಎಷ್ಟು ಹಲ್ಲುಗಳಿರಬೇಕು, ಯಾವುದು ಬಿದ್ದು ಯಾವುದು ಬರಬೇಕು ಎಂದು ಕೇಳಿದರೆ ಗೋಕಾಕ, ಹುಕ್ಕೇರಿಗಳಂಥ ಪಟ್ಟಣಗಳ ಓದಿದ ಮನೆತನಗಳಲ್ಲಿಯೂ ಉತ್ತರ ದೊರೆಯುವುದು ಕಷ್ಟ.

ಹಲ್ಲಿಗೆ ಸಂಸ್ಕೃತದಲ್ಲಿ ‘ದ್ವಿಜ’ವೆಂಬ ಹೆಸರುಂಟು. ಬ್ರಾಹ್ಮಣನಿಗೂ ಹಕ್ಕಿಗೂ ಸಲ್ಲುವ ಈ ಪದವು ಹಲ್ಲಿಗೂ ಸಲ್ಲುವುದೆಂದು ಅಮರಕೋಶವನ್ನು ಬಾಯಿಪಾಠ ಮಾಡಿದ ಬಾಲಕನೂ ಬಲ್ಲನು. ಎರಡು ಸಲ ಹುಟ್ಟುವುದರಿಂದ ದ್ವಿಜ. ಆದರೆ ಎಲ್ಲ ಹಲ್ಲುಗಳೂ ದ್ವಿಜಗಳಲ್ಲ. ಈ ಸೂಕ್ಷ್ಮವನ್ನು ಕಂಡವರು ಕೌಮಾರಭೃತ್ಯದ ಆಚಾರ್ಯರು. ನೇಪಾಳದಲ್ಲಿ ದೊರೆತ ಹಸ್ತಪ್ರತಿಯಿಂದ 1938ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ ಹಲ್ಲು ಹುಟ್ಟುವ ವಿಷಯಕ್ಕೆಂದೇ ಒಂದು ಅಧ್ಯಾಯವಿದೆ. ಮನುಷ್ಯರಿಗೆ ಹಲ್ಲು ಮೂವತ್ತೆರಡು, ಅವುಗಳಲ್ಲಿ ಎಂಟು ಒಂದೇ ಸಲ ಹುಟ್ಟುವಂಥವು, ಉಳಿದವು ದ್ವಿಜಗಳು ಎಂದು ಅಲ್ಲಿ ಹೇಳಿದೆ. ಇಂದಿನ ಎಣಿಕೆಯ ಪ್ರಕಾರ ಹಾಲುಹಲ್ಲು ಇಪ್ಪತ್ತು. ಒಂದೇ ಸಲ ಹುಟ್ಟುವ ದವಡೆಹಲ್ಲುಗಳು ಹನ್ನೆರಡು. ಎಂಟಕ್ಕೂ ಹನ್ನೆರಡಕ್ಕೂ ನಾಲ್ಕರ ಅಂತರ ಉಳಿಯುತ್ತದೆ. ಅಷ್ಟು ಹಿಂದಿನ ಕಾಲದಲ್ಲಿ, ಯಾವ ಯಂತ್ರದ ನೆರವೂ ಇಲ್ಲದೆ, ಭೇದವಿದೆಯೆಂದು ಗುರುತಿಸಿದುದೇ ದೊಡ್ಡದು. ಎಷ್ಟನೆಯ ತಿಂಗಳಲ್ಲಿ ಹಲ್ಲು ಮೂಡುವುದೋ ಅಷ್ಟನೆಯ ವರುಷದಲ್ಲಿ ಅದು ಬಿದ್ದು ಮತ್ತೆ ಹುಟ್ಟುವುದೆಂಬ ಸೂತ್ರವೂ ಅಲ್ಲಿದೆ. ಮುಂದಿನ ಬಾಚಿಹಲ್ಲುಗಳಿಗೆ ಇದು ಬಹುಮಟ್ಟಿಗೆ ಒಪ್ಪುತ್ತದೆ: ಆರೇಳು ತಿಂಗಳಿಗೆ ಮೂಡಿದ ಕೆಳಗಿನ ಹಲ್ಲು ಆರೇಳು ವರುಷಕ್ಕೆ ಬದಲಾಗುವುದನ್ನು ಎಲ್ಲ ತಾಯಂದಿರೂ ಕಂಡಿದ್ದಾರೆ. ಕೋರೆಹಲ್ಲಿನ ಹತ್ತಿರ ಬಂದಾಗ ಮಾತ್ರ ಸೂತ್ರವು ತಪ್ಪುತ್ತದೆ. ಹೆಣ್ಣುಮಕ್ಕಳಿಗೆ ಹಲ್ಲು ಬೇಗ ಬರುವುದೆಂಬ ಕಾಶ್ಯಪನ ಮಾತು, ಶಾಶ್ವತ ಹಲ್ಲುಗಳ ಮಟ್ಟಿಗೆ, ಇಂದಿನವರ ಪರೀಕ್ಷೆಯಲ್ಲಿಯೂ ನಿಂತಿದೆ.

ಸಾಮಾನ್ಯ ಕ್ರಮ ಹೀಗೆ: ಆರು ತಿಂಗಳ ಸುಮಾರಿಗೆ ಮೊದಲ ಹಲ್ಲು, ಎರಡೂವರೆ ವರುಷದ ಸುಮಾರಿಗೆ ಇಪ್ಪತ್ತೂ ಪೂರ್ಣ. ಆರು ವರುಷಕ್ಕೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವುದನ್ನೂ ಬೀಳಿಸದೆ, ಸದ್ದಿಲ್ಲದೆ ಬರುವ ದವಡೆಹಲ್ಲು ಶಾಶ್ವತವಾದುದು. ಇದನ್ನು ಹಾಲುಹಲ್ಲೆಂದೇ ತಿಳಿದು ಹುಳುಕು ಬಿದ್ದಾಗ ಉಪೇಕ್ಷಿಸುವ ಮನೆಗಳು ಅಸಂಖ್ಯ. ಮೇಲಿನ ಕೋರೆಹಲ್ಲು ಹನ್ನೊಂದು ಹನ್ನೆರಡಕ್ಕೆ, ಎರಡನೆಯ ದವಡೆಹಲ್ಲು ಹನ್ನೆರಡು ಹದಿಮೂರಕ್ಕೆ, ಕಡೆಯದು ಹದಿನೇಳರಿಂದ ಇಪ್ಪತ್ತೈದರೊಳಗೆ. ಕೂಸಿಗೆ ವರುಷ ತುಂಬಿದರೂ ಹಲ್ಲು ಬರಲಿಲ್ಲವೆಂದು ಗಾಬರಿಯಾಗಬೇಕಾದುದಿಲ್ಲ. ಒಂದೂವರೆ ವರುಷವಾದರೂ ಒಂದೂ ಕಾಣದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ದೊಡ್ಡ ಮಕ್ಕಳಲ್ಲಿ ನೆನಪಿಡಲು ಸುಲಭವಾದ ಗುರುತು ಇನ್ನೊಂದಿದೆ. ಬಲಗಡೆಯ ಹಲ್ಲು ಬಂದು ಆರು ತಿಂಗಳಾದರೂ ಅದರ ಜೊತೆಯ ಎಡಗಡೆಯದು ಬಾರದಿದ್ದರೆ, ಅದು ತಡವಲ್ಲ, ತಡೆ.

ಹಲ್ಲು ಎಲುಬನ್ನು ಸೀಳಿಕೊಂಡು ಹೊರಬರುವುದು ಹೇಗೆ? ಬೇರು ಬೆಳೆದಂತೆ ಕೆಳಗಿನಿಂದ ನೂಕುವುದೆಂದು ಬಹುಕಾಲ ತಿಳಿದಿದ್ದರು. ಆದರೆ ಅಮೇರಿಕೆಯ ಮಾರ್ಕ್ಸ್ ಮತ್ತು ಕೇಹಿಲ್ ಎಂಬ ಇಬ್ಬರು ಪಂಡಿತರು 1980ರ ಸುಮಾರಿಗೆ ನಾಯಿಗಳಲ್ಲಿ ಮಾಡಿದ ಪ್ರಯೋಗಗಳು ಆ ತಿಳಿವಳಿಕೆಯನ್ನು ಅಲುಗಿಸಿದವು. ಎಳೆಯ ಹಲ್ಲಿನ ಸುತ್ತ ತೆಳುವಾದ ಚೀಲವೊಂದಿರುತ್ತದೆ. ಚೀಲವನ್ನು ತೆಗೆದು ಹಲ್ಲನ್ನು ಬಿಟ್ಟರೆ ಹಲ್ಲು ಹೊರಬರಲಿಲ್ಲ. ಹಲ್ಲನ್ನು ತೆಗೆದು ಅದೇ ಆಕಾರದ ಲೋಹದ ತುಂಡನ್ನು ಚೀಲದಲ್ಲಿಟ್ಟರೆ ಆ ಲೋಹದ ತುಂಡೇ ಒಸಡನ್ನು ಭೇದಿಸಿ ಮೇಲೆ ಬಂದಿತು! ಮೇಲಿನ ಎಲುಬನ್ನು ಕರಗಿಸಿ ದಾರಿ ಮಾಡುವುದೂ ಕೆಳಗೆ ಎಲುಬನ್ನು ಕಟ್ಟುವುದೂ ಆ ಚೀಲದ ಆಳ್ವಿಕೆಯಲ್ಲಿ ನಡೆಯುವ ಕಾರ್ಯಗಳು. ದಾರಿಯಲ್ಲಿ ಹಾಲುಹಲ್ಲಿನ ಬೇರೂ ಕರಗುತ್ತದೆ. ಆದಕಾರಣವೇ ಬಿದ್ದ ಹಾಲುಹಲ್ಲಿಗೆ ಬೇರಿಲ್ಲ. ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ಮುನ್ನ ಮಕ್ಕಳು ಅದನ್ನು ತಿರುಗಿಸಿ ನೋಡಿದರೆ ಈ ಅದ್ಭುತವು ಕಣ್ಣಿಗೇ ಬೀಳುವುದು.

ಹೀಗೆ ದಾರಿ ಮಾಡಿಕೊಂಡು ಬರುವ ಹಲ್ಲು ನಡುದಾರಿಯಲ್ಲಿ ನಿಲ್ಲುವುದಕ್ಕೆ ಈ ಸೀಮೆಯಲ್ಲಿ ಮೊದಲು ಹೇಳಬೇಕಾದ ಕಾರಣವು ಬಾಯೊಳಗಿನದಲ್ಲ, ಹೊಲದೊಳಗಿನದು. ಘಟಪ್ರಭೆಯ ನೀರು ಹಿಡಕಲ್ಲಿನ ಜಲಾಶಯದಿಂದ ಕಾಲುವೆಗಳಲ್ಲಿ ಹರಿದು ಬಂದ ಮೇಲೆ ಗೋಕಾಕ, ಹುಕ್ಕೇರಿ, ಮೂಡಲಗಿಯ ಹೊಲಗಳಲ್ಲಿ ಕಬ್ಬು ಹಬ್ಬಿತು. ಬೆಲ್ಲ ಸಕ್ಕರೆಗಳು ಮನೆಮನೆಯಲ್ಲಿ ಸಮೃದ್ಧವಾದವು. ಗೋಕಾಕದ ಕರದಂಟಿನ ಕೀರ್ತಿಯನ್ನು ಹಾಡಿ ಹೊಗಳಬೇಕಾದುದೇನೂ ಇಲ್ಲ. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲಗಳ ಆ ಪಾಕವು ಬಾಣಂತಿಗೆ ಬಲವನ್ನು ಕೊಡುವುದು ನಿಜವೇ. ಆದರೆ ಮೂರು ವರುಷದ ಕೂಸಿನ ಹಲ್ಲಿನ ಸಂದಿಯಲ್ಲಿ ಅದೇ ಅಂಟು ರಾತ್ರಿಯಿಡೀ ಕುಳಿತರೆ ಫಲ ಬೇರೆ. ಹಾಲುಹಲ್ಲು ಹುಳುಕಾಗುತ್ತದೆ. ‘ಹೇಗಿದ್ದರೂ ಬೀಳುವ ಹಲ್ಲು, ಅದಕ್ಕೇಕೆ ಔಷಧ?’ ಎಂದು ಹಿರಿಯರು ಅದನ್ನು ಕೀಳಿಸಿಬಿಡುತ್ತಾರೆ. ಇಲ್ಲಿಯೇ ಅನರ್ಥದ ಮೂಲ. ಹಾಲುಹಲ್ಲು ಅಗಿಯುವುದಕ್ಕಷ್ಟೇ ಇರುವುದಲ್ಲ, ಮುಂದೆ ಬರುವವನಿಗಾಗಿ ಸ್ಥಳವನ್ನು ಹಿಡಿದು ಕುಳಿತಿರುವ ಕಾವಲುಗಾರ ಅದು. ಜಾತ್ರೆಯಲ್ಲಿ ಹಾಸಿದ ಟವೆಲ್ಲು ಎತ್ತಿದೊಡನೆ ಪಕ್ಕದವನು ಸರಿದು ಕುಳಿತುಕೊಳ್ಳುವಂತೆ, ಅಕಾಲದಲ್ಲಿ ಹಾಲುಹಲ್ಲು ಹೋದೊಡನೆ ಹಿಂದಿನ ಆರು ವರುಷದ ದವಡೆಹಲ್ಲು ಮುಂದಕ್ಕೆ ವಾಲುತ್ತದೆ. ಮೂರು ನಾಲ್ಕು ವರುಷಗಳ ಮೇಲೆ ಕೆಳಗಿನಿಂದ ಬರುವ ಹಲ್ಲಿಗೆ ಬಾಗಿಲು ಮುಚ್ಚಿರುತ್ತದೆ. ಅದು ಒಳಗೇ ಉಳಿಯುವುದು, ಇಲ್ಲವೆ ನಾಲಗೆಯ ಕಡೆಗೆ ಸೊಟ್ಟಗೆ ಹೊರಬರುವುದು. ಹುಳುಕನ್ನು ತುಂಬಿಸಿ ಹಾಲುಹಲ್ಲನ್ನು ಉಳಿಸಿಕೊಂಡರೆ, ಅಥವಾ ತೆಗೆಯಲೇಬೇಕಾದಲ್ಲಿ ಅಂತರವನ್ನು ಕಾಯುವ ತಂತಿಯ ಬಳೆಯೊಂದನ್ನು ಹಾಕಿಸಿದರೆ, ಈ ತೊಂದರೆಯ ಬಹುಭಾಗವು ತಪ್ಪುವುದು. ಖರ್ಚೂ ಅಲ್ಪವೇ.

ಎರಡನೆಯದು, ದಾರಿಗಡ್ಡವಾಗಿ ನಿಂತ ವಸ್ತು. ಮೇಲಿನ ಎರಡು ದೊಡ್ಡ ಬಾಚಿಹಲ್ಲುಗಳ ನಡುವೆ ಒಸಡಿನೊಳಗೆ ಸಣ್ಣ ಮೊಳೆಯಂಥ ಅಧಿಕದಂತವೊಂದು ಅಡಗಿದ್ದು ಅವುಗಳನ್ನು ಹೊರಬಿಡದಿರುವುದು ಅಪರೂಪವೇನಲ್ಲ. ಕೆಲವರಲ್ಲಿ ಸಣ್ಣ ಸಣ್ಣ ಹಲ್ಲುಗಳೇ ಗಂಟುಕಟ್ಟಿ ಕುಳಿತಿರುತ್ತವೆ. 2014ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಹದಿನೇಳು ವರುಷದ ಹುಡುಗನೊಬ್ಬನ ದವಡೆಯಿಂದ ಇಂಥ 232 ತುಣುಕುಗಳನ್ನೂ, 2019ರಲ್ಲಿ ಚೆನ್ನೈಯ ಸವೀತಾ ದಂತ ಮಹಾವಿದ್ಯಾಲಯದಲ್ಲಿ ಏಳು ವರುಷದ ಬಾಲಕನಿಂದ 526 ತುಣುಕುಗಳನ್ನೂ ತೆಗೆದ ಸುದ್ದಿಯು ಪತ್ರಿಕೆಗಳಲ್ಲಿ ಬಂದುದನ್ನು ವಾಚಕರು ಓದಿರಬಹುದು. ಅಧಿಕದಂತವನ್ನು ಕಿತ್ತು ಆ ಸ್ಥಳವನ್ನು ಅಗ್ನಿಯಿಂದ ಸುಡಬೇಕೆಂದು ಸುಶ್ರುತನು ವಿಧಿಸಿದ್ದಾನೆ. ಈಗಿನವರು ಸುಡುವುದಿಲ್ಲ, ಕೀಳುವುದಂತೂ ಅದೇ. ಅಡ್ಡವಾದುದನ್ನು ಸಕಾಲದಲ್ಲಿ ತೆಗೆದರೆ ಎಷ್ಟೋ ಸಲ ಹಲ್ಲು ತಾನಾಗಿ ಇಳಿದು ಬರುತ್ತದೆ. ಇನ್ನು, ಚಿಕ್ಕಂದಿನಲ್ಲಿ ಕಟ್ಟೆಯಿಂದ ಬಿದ್ದು ಹಾಲುಹಲ್ಲಿಗೆ ಪೆಟ್ಟಾದರೆ ಒಳಗಿನ ಎಳೆಹಲ್ಲಿನ ಬೇರು ಬಾಗಿ ಅದು ಮೂಡದಿರುವುದೂ ಉಂಟು. ಪೆಟ್ಟು ಎಲ್ಲರಿಗೂ ಮರೆತಿರುತ್ತದೆ.

ಎಲ್ಲಕ್ಕಿಂತ ಕಪಟಿಯಾದುದು ಮೇಲಿನ ಕೋರೆಹಲ್ಲು. ಅದು ಹುಟ್ಟುವುದು ಕಣ್ಣಿನ ಗೂಡಿಗೆ ಹತ್ತಿರದಲ್ಲಿ. ಎಲ್ಲ ಹಲ್ಲುಗಳಿಗಿಂತ ದೂರದ ಹಾದಿಯನ್ನು ನಡೆದು ಬರಬೇಕು. ನೂರರಲ್ಲಿ ಒಬ್ಬಿಬ್ಬರಿಗೆ ಅದು ದಾರಿತಪ್ಪಿ ಅಂಗುಳದ ಕಡೆಗೆ ಮಲಗಿಬಿಡುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು.

ಮೂಡಲಗಿ ಸೀಮೆಯ ದನದ ವ್ಯಾಪಾರಿಯೊಬ್ಬನ ಮನೆಯ ಸಂಗತಿಯನ್ನು ಇಲ್ಲಿ ಹೇಳಬಹುದು. ಮೊಮ್ಮಗಳಿಗೆ ಹದಿಮೂರು ತುಂಬಿತ್ತು. ಬಲಗಡೆಯ ಕೋರೆ ಬಂದು ವರುಷವಾಗಿದ್ದರೂ ಎಡಗಡೆಯ ಹಾಲುಕೋರೆ ಅಲುಗಿರಲಿಲ್ಲ. ‘ನೋಡ್ರಿ, ಎಷ್ಟ ಗಟ್ಟಿ ಹಲ್ಲ ನಮ್ಮ ಹುಡುಗೀದು’ ಎಂದು ಅಜ್ಜಿಗೆ ಹಿಗ್ಗು. ಹುಡುಗಿಗೆ ಮಾತ್ರ ಸಾಲಿನಲ್ಲಿ ಒಂದು ಸಣ್ಣ ಹಲ್ಲು ಉಳಿದಿರುವುದು ನಾಚಿಕೆಯ ವಿಷಯವಾಗಿತ್ತು. ನಗುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುವುದು ಅಭ್ಯಾಸವಾಯಿತು. ಊರಿನಲ್ಲಿ ತೋರಿಸಿದಾಗ ‘ಬರತೈತಿ ತಗೋರಿ, ಕಾಯ್ರಿ’ ಎಂಬ ಉತ್ತರ ಬಂದಿತು. ಕಾಯುವುದರಲ್ಲಿ ಮತ್ತೊಂದು ವರುಷ ಕಳೆಯಿತು. ಕಡೆಗೆ ಮುಂದಿನ ಬಾಚಿಹಲ್ಲು ಅಲುಗತೊಡಗಿತೆಂದು ಬೆಳಗಾವಿಗೆ ಕರೆದುಕೊಂಡು ಹೋದರು. ಕ್ಷಕಿರಣದ ಚಿತ್ರದಲ್ಲಿ ಕೋರೆಹಲ್ಲು ಅಂಗುಳದ ಎಲುಬಿನಲ್ಲಿ ಅಡ್ಡಲಾಗಿ ಮಲಗಿ, ತನ್ನ ತುದಿಯಿಂದ ಪಕ್ಕದ ಬಾಚಿಹಲ್ಲಿನ ಬೇರನ್ನು ಅರ್ಧದಷ್ಟು ತಿಂದಿದ್ದುದು ಕಾಣಿಸಿತು. ನೋವು ಒಂದು ದಿನವೂ ಇರಲಿಲ್ಲ. ಅಜ್ಜನು ಆ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದನಂತೆ. ‘ನಲವತ್ತು ವರ್ಷ ದನದ ಬಾಯಿ ನೋಡೇನಿ. ಮನೀ ಕೂಸಿನ ಬಾಯಿ ನೋಡಲಿಲ್ಲ ನೋಡ್ರಿ’ ಎಂದು ಆತನು ಆಡಿದ ಮಾತಿಗೆ ಅಲ್ಲಿದ್ದವರಾರೂ ಏನೂ ಹೇಳಲಿಲ್ಲ. ಹೇಳಿದ್ದು ವೈದ್ಯೆ ಒಬ್ಬಳೇ: ‘ಅಜ್ಜಾರ, ಈಗರ ಬಂದೀರಲ್ಲ. ಹಲ್ಲು ಇಳಸೋಣ.’

ಇಳಿಸುವ ಕ್ರಮ ಇದು: ಅಂಗುಳದ ಒಸಡನ್ನು ಬಿಡಿಸಿ, ಮೇಲಿನ ಎಲುಬನ್ನು ಸ್ವಲ್ಪ ತೆಗೆದು, ಅಡಗಿದ ಹಲ್ಲಿಗೆ ಗುಂಡಿಯಂಥ ಚಿಕ್ಕ ಬಿಲ್ಲೆಯನ್ನು ಅಂಟಿಸಿ, ಅದಕ್ಕೆ ಸೂಕ್ಷ್ಮವಾದ ಸರಪಳಿಯನ್ನು ಕಟ್ಟಿ ಹೊರಗಿನ ಹಲ್ಲುಗಳ ತಂತಿಗೆ ಜೋಡಿಸುವರು. ಅನಂತರ ತಿಂಗಳು ತಿಂಗಳಿಗೆ ಮೃದುವಾದ ಎಳೆತ. ಬಾವಿಯಿಂದ ಕೊಡವನ್ನು ಸೇದಿದಂತೆ ಅವಸರದಿಂದ ಎಳೆಯುವಂತಿಲ್ಲ. ಎಲುಬು ಕರಗಿ ಕಟ್ಟಿಕೊಳ್ಳುವ ವೇಗದಲ್ಲಿಯೇ ಹಲ್ಲು ಸರಿಯಬೇಕು. ಒಂದೂವರೆ ಎರಡು ವರುಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಪ್ರತಿ ತಿಂಗಳೂ ಒಂದು ದಿನದ ದುಡಿಮೆಯನ್ನು ಬಿಟ್ಟು ಬಸ್ಸು ಹತ್ತುವುದು ಸಣ್ಣ ಮಾತಲ್ಲ. ಆ ಹುಡುಗಿಯ ಬಾಚಿಹಲ್ಲು ಉಳಿಯುವುದೋ ಇಲ್ಲವೋ ಎಂಬುದನ್ನು ವೈದ್ಯರು ಇನ್ನೂ ಹೇಳಿಲ್ಲ. ಕೋರೆಹಲ್ಲು ಮಾತ್ರ ಇಳಿಯುತ್ತಿದೆ.

ಇಷ್ಟೆಲ್ಲ ಬೇಕಾಗದಿರಬಹುದಾಗಿತ್ತು. 1988ರಲ್ಲಿ ಸ್ವೀಡನ್ ದೇಶದ ಎರಿಕ್ಸನ್ ಮತ್ತು ಕುರೋಲ್ ಎಂಬವರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಹತ್ತರಿಂದ ಹದಿಮೂರು ವರುಷದ ಮಕ್ಕಳಲ್ಲಿ ಅಂಗುಳದ ಕಡೆಗೆ ದಾರಿತಪ್ಪುತ್ತಿದ್ದ 46 ಕೋರೆಹಲ್ಲುಗಳಿದ್ದವು. ಅವರು ಮಾಡಿದುದು ಇಷ್ಟೇ: ಕೆಳಗಿನ ಹಾಲುಕೋರೆಯನ್ನು ತೆಗೆದರು. 36 ಹಲ್ಲುಗಳು ತಾವೇ ತಿರುಗಿ ಸರಿದಾರಿಗೆ ಬಂದವು. ಹತ್ತನೆಯ ವರುಷದಲ್ಲಿ ತಾಯಿಯು ಮಗುವಿನ ಮೇಲ್ದುಟಿಯನ್ನು ಎತ್ತಿ, ಹಾಲುಕೋರೆಯ ಬೇರಿನ ಮೇಲೆ ಒಸಡಿನಲ್ಲಿ ಉಬ್ಬು ಕೈಗೆ ತಗಲುವುದೋ ಎಂದು ಬೆರಳಾಡಿಸಿ ನೋಡಬಹುದು. ಎರಡೂ ಕಡೆ ಉಬ್ಬಿದ್ದರೆ ಕ್ಷೇಮ. ಇಲ್ಲದಿದ್ದರೆ ಚಿತ್ರ ತೆಗೆಸಬೇಕು. ಒಂದು ಕಡೆ ಹಾಲುಹಲ್ಲನ್ನು ಉಳಿಸಿರೆಂದೂ ಇನ್ನೊಂದು ಕಡೆ ಕೀಳಿಸಿರೆಂದೂ ಹೇಳುವುದು ಪರಸ್ಪರ ವಿರೋಧವೆಂದು ತೋರಬಹುದು. ಕಾಲವನ್ನೂ ಸ್ಥಳವನ್ನೂ ನೋಡಿ ವಿಧಿನಿಷೇಧಗಳು ಬದಲಾಗುವುದು ಧರ್ಮಶಾಸ್ತ್ರದಲ್ಲಿಯೂ ಉಂಟಷ್ಟೆ.

ಒಂದು ಹಲ್ಲಲ್ಲ, ಬಹಳ ಹಲ್ಲುಗಳೇ ಬಾರದಿದ್ದರೆ ಕಾರಣವನ್ನು ದೇಹದಲ್ಲಿಯೇ ಹುಡುಕಬೇಕು. ಕೊರಳಿನ ಥೈರಾಯ್ಡ್ ಗ್ರಂಥಿಯ ಮಾಂದ್ಯದಿಂದಲೂ, ಎಲುಬು ಮೆತ್ತಗಾಗುವ ರಿಕೆಟ್ಸ್ ರೋಗದಿಂದಲೂ ಹಲ್ಲು ತಡವಾಗುತ್ತದೆ. ಗ್ರಂಥಿಗೆ ಔಷಧ ಕೊಟ್ಟರೆ ಮಗುವೂ ಬೆಳೆಯುವುದು, ಹಲ್ಲೂ ಬರುವುದು. ವಂಶದಿಂದ ಬರುವ ಕಾರಣಗಳೂ ಇವೆ. ಒಂದು ಬಗೆಯವರಿಗೆ ಕೊರಳ ಕೆಳಗಿನ ಅಡ್ಡೆಲುಬುಗಳು ಇರುವುದಿಲ್ಲ, ಇದ್ದರೂ ಅರ್ಧ. ಎರಡು ಹೆಗಲುಗಳನ್ನು ಎದೆಯ ಮುಂದೆ ತಂದು ಒಂದಕ್ಕೊಂದು ಹತ್ತಿರ ಹಿಡಿಯಬಲ್ಲರು. ಅವರ ಹಾಲುಹಲ್ಲುಗಳು ಬೀಳುವುದಿಲ್ಲ. ಒಳಗೆ ಅಧಿಕದಂತಗಳು ತುಂಬಿರುತ್ತವೆ. ಇದರ ಬೀಜದೋಷವು ಯಾವುದೆಂಬುದು 1997ರಲ್ಲಿ ಗೊತ್ತಾಯಿತು. ಇನ್ನೊಂದು ಬಗೆಯಲ್ಲಿ ಹಲ್ಲಿನ ಮೊಳಕೆಯೇ ಇರುವುದಿಲ್ಲ. ಸಿಂಧ ಪ್ರಾಂತದ ಒಂದು ಹಿಂದೂ ಮನೆತನದ ವಿಷಯವನ್ನು ಡಾರ್ವಿನ್ ಪಂಡಿತನು 1875ರಲ್ಲಿ ಬರೆದಿದ್ದಾನೆ: ನಾಲ್ಕು ತಲೆಮಾರುಗಳಲ್ಲಿ ಹತ್ತು ಜನ ಗಂಡಸರಿಗೆ ಎರಡೂ ದವಡೆ ಸೇರಿ ನಾಲ್ಕು ಸಣ್ಣ ಬಾಚಿಹಲ್ಲು, ಎಂಟು ದವಡೆಹಲ್ಲು ಮಾತ್ರ, ಮೈಮೇಲೆ ಕೂದಲು ಅತ್ಯಲ್ಪ, ಬೇಸಗೆಯಲ್ಲಿ ಚರ್ಮವೊಣಗಿ ಸಂಕಟ. ಹೆಣ್ಣುಮಕ್ಕಳಿಗೆ ದೋಷವಿಲ್ಲ, ಆದರೆ ಅವರ ಗಂಡುಮಕ್ಕಳಿಗೆ ಅವರ ಮೂಲಕವೇ ಬರುವುದು. ಆಗ ಸಿಂಧವೂ ಬೆಳಗಾವಿ ಜಿಲ್ಲೆಯೂ ಒಂದೇ ಮುಂಬಯಿ ಇಲಾಖೆಗೆ ಸೇರಿದ್ದವು. 1936ರಲ್ಲಿ ಸಿಂಧವು ಬೇರೆಯಾಯಿತು. ಇಂಥ ಮಕ್ಕಳಿಗೆ ಹಲ್ಲು ಕಟ್ಟಿಸುವುದೇ ಉಪಾಯ. ಹಲ್ಲಿನ ಬೆಳವಣಿಗೆಯನ್ನು ತಡೆಯುವ ಒಂದು ಪದಾರ್ಥವನ್ನು ಬಂಧಿಸುವ ಔಷಧದ ಪರೀಕ್ಷೆಯು ಜಪಾನಿನ ಕ್ಯೋಟೋದಲ್ಲಿ 2024ರಲ್ಲಿ ಮನುಷ್ಯರ ಮೇಲೆ ಮೊದಲಾಗಿದೆ. ಫಲವನ್ನು ಕಾದು ನೋಡಬೇಕು.

ಹಲ್ಲು ಬಾರದ, ಅಡ್ಡಾದಿಡ್ಡಿ ಬಂದ ಮಕ್ಕಳನ್ನು ಅಮಂಗಲರೆಂದು ಕಾಣುವುದು ಈಗಲೂ ಪೂರ್ತಿ ಹೋಗಿಲ್ಲ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡೆನ್ನುವರು. ಕಾಶ್ಯಪನೂ ಅದನ್ನು ಅಶುಭಗಳಲ್ಲಿಯೇ ಎಣಿಸಿದ್ದಾನೆ. ಶಾಸ್ತ್ರಕಾರನ ಕಣ್ಣನ್ನು ಗೌರವಿಸುವವರು ಅವನ ಕಾಲದ ಭಯವನ್ನೂ ಹೊರಬೇಕೆಂಬ ನಿಯಮವಿಲ್ಲ. ವಾಗ್ಭಟನು ಹೇಳಿರುವುದು ಹೆಚ್ಚು ವಿವೇಕದ ಮಾತು: ಹಲ್ಲು ಬರುವ ಕಾಲದ ರೋಗಗಳಿಗಾಗಿ ಕೂಸನ್ನು ಅತಿಯಾಗಿ ಕಟ್ಟುಪಾಡಿಗೆ ಒಳಪಡಿಸಬಾರದು, ಹಲ್ಲು ಬಂದ ಮೇಲೆ ಅವು ತಾವೇ ಶಮನವಾಗುವುವು. ಹತ್ತೊಂಬತ್ತನೆಯ ಶತಮಾನದ ಇಂಗ್ಲಂಡದಲ್ಲಿ ವೈದ್ಯರು ಕೂಸುಗಳ ಒಸಡನ್ನು ಚೂರಿಯಿಂದ ಕೊಯ್ಯುತ್ತಿದ್ದುದನ್ನು ನೆನೆದರೆ ವಾಗ್ಭಟನ ಬೆಲೆ ತಿಳಿಯುತ್ತದೆ.

ಕಡೆಯ ದವಡೆಹಲ್ಲಿನ ಮಾತು ಉಳಿಯಿತು. ಬುದ್ಧಿಹಲ್ಲೆಂದು ಕನ್ನಡದಲ್ಲಿಯೂ, ಅಕ್ಕಲದಾಢವೆಂದು ನೆರೆಯ ಮರಾಠಿಯಲ್ಲಿಯೂ ಕರೆಯುವ ಇದು ಜಗತ್ತಿನಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಹೊರಬರುವುದಿಲ್ಲ. ಖಡಕ್ ರೊಟ್ಟಿಯನ್ನು ಅಗಿದ ದವಡೆಗೂ ಮೆತ್ತನೆಯ ಬ್ರೆಡ್ಡನ್ನು ನುಂಗುವ ದವಡೆಗೂ ಅಂತರವಿದೆಯೆಂದೂ, ಎಳವೆಯಲ್ಲಿ ಗಟ್ಟಿಯಾದುದನ್ನು ಅಗಿಯದ ದವಡೆ ಕಿರಿದಾಗಿ ಕಡೆಯ ಹಲ್ಲಿಗೆ ಜಾಗ ಸಾಲದಾಗುವುದೆಂದೂ ಕೆಲವು ಪಂಡಿತರ ಅಭಿಪ್ರಾಯ. ಅರ್ಧ ಹೊರಬಂದ ಹಲ್ಲಿನ ಮೇಲೆ ಒಸಡಿನ ಮುಚ್ಚಳವುಳಿದು, ಕೆಳಗೆ ಅನ್ನದ ಕಣ ಕೊಳೆತು, ದವಡೆ ಬಾತು ಬಾಯಿ ತೆರೆಯಲಾಗದಂತಾಗುವುದನ್ನು ಸುಶ್ರುತನು ‘ಅಧಿಮಾಂಸ’ವೆಂಬ ಹೆಸರಿನಿಂದ ವರ್ಣಿಸಿದ್ದಾನೆ: ಕಡೆಯ ದವಡೆಹಲ್ಲಿನಲ್ಲಿ ಮಹಾಶೋಫ, ನೋವು, ಲಾಲಾಸ್ರಾವ. ಆ ಮಾಂಸವನ್ನು ಛೇದಿಸಿ, ಬಜೆ ಮೊದಲಾದವುಗಳ ಚೂರ್ಣವನ್ನು ಜೇನಿನೊಡನೆ ತಿಕ್ಕಲು ಅವನು ಹೇಳುತ್ತಾನೆ. ಈಗ ಸೋಂಕನ್ನು ಮೊದಲು ಇಳಿಸಿ, ಹಲ್ಲು ನೆಟ್ಟಗಿದ್ದರೆ ಮುಚ್ಚಳವನ್ನು ಮಾತ್ರ ಕತ್ತರಿಸಿ, ಓರೆಯಾಗಿದ್ದರೆ ಹಲ್ಲನ್ನೇ ತೆಗೆಯುವರು. ತೊಂದರೆ ಕೊಡದೆ ಆಳದಲ್ಲಿ ಮಲಗಿದ ಹಲ್ಲನ್ನು ಆಗಾಗ ಚಿತ್ರ ತೆಗೆಸಿ ನೋಡುತ್ತ ಬಿಟ್ಟಿರಬಹುದು. ಎಲ್ಲವನ್ನೂ ಕಿತ್ತೆಸೆಯುವ ಉತ್ಸಾಹವೂ ಒಳ್ಳೆಯದಲ್ಲ.

ಮೇಲಿನ ಹಲ್ಲನ್ನು ಕೀಳಿಸಿದರೆ ಕಣ್ಣು ಹೋಗುವುದೆಂಬ ಹೆದರಿಕೆಗೂ ಮೂಲ ಸುಶ್ರುತನಲ್ಲಿಯೇ ಇದೆ. ಅಲುಗುವ ಮೇಲಿನ ಹಲ್ಲನ್ನು ಕೂಡ ಕೀಳಬಾರದು, ರಕ್ತಾತಿಯೋಗದಿಂದ ಕುರುಡೋ ಅರ್ದಿತವೋ ಆದೀತು ಎಂದಿದ್ದಾನೆ. ನಂಜನ್ನು ತಡೆಯುವ ಉಪಾಯವೂ ಮರಗಟ್ಟಿಸುವ ಮದ್ದೂ ಇಲ್ಲದ ಕಾಲದಲ್ಲಿ ಆ ಎಚ್ಚರಿಕೆ ಸಹಜವೇ. ಇಂದು ಹಲ್ಲಿನ ನರಕ್ಕೂ ನೋಡುವ ನರಕ್ಕೂ ಸಂಬಂಧವಿಲ್ಲವೆಂದು ಗೊತ್ತಾಗಿದೆ. ಆದರೂ ಮೇಲ್ದವಡೆಯ ಕೀವನ್ನು ಕಣ್ಣಿನ ಭಯದಿಂದ ತಿಂಗಳುಗಟ್ಟಲೆ ಸಹಿಸಿ, ಅದೇ ಕೀವು ಮೇಲಕ್ಕೇರಿ ಕಣ್ಣಿನ ಸುತ್ತ ಬಾತ ಮೇಲೆ ವೈದ್ಯರ ಬಳಿಗೆ ಬರುವವರುಂಟು. ಹಿಂದೆ ಈ ತಾಲೂಕುಗಳವರು ದೊಡ್ಡ ಬೇನೆಗೆ ಘಟಪ್ರಭೆಯಲ್ಲಿ ರೈಲು ಹತ್ತಿ ಮಿರಜಿಗೆ ಹೋಗಬೇಕಾಗಿತ್ತು. ಬೆಳಗಾವಿಯಲ್ಲಿ 1985ರಲ್ಲಿ ಕೆ. ಎಲ್. ಇ. ಸಂಸ್ಥೆಯ ದಂತ ಮಹಾವಿದ್ಯಾಲಯವು ಸ್ಥಾಪಿತವಾದ ಮೇಲೆ ಹಾದಿ ಹತ್ತಿರವಾಯಿತು. ಹುಕ್ಕೇರಿ ತಾಲೂಕಿನ ವಿಶ್ವನಾಥ ಕತ್ತಿಯವರ ಹೆಸರು ಅದಕ್ಕಿದೆ. ಕಲಿಯುವವರಿರುವ ಇಂಥ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ದವಾಖಾನೆಗಳಿಗಿಂತ ಕಡಿಮೆ.

ಎಪ್ಪತ್ತು ದಾಟಿ, ಎಲ್ಲ ಹಲ್ಲೂ ಬಿದ್ದು, ಕಟ್ಟಿಸಿದ ಹಲ್ಲನ್ನು ಹಾಕಿಕೊಂಡ ಮುದುಕರಿಗೆ ಒಮ್ಮೊಮ್ಮೆ ಒಸಡಿನಲ್ಲಿ ಹೊಸ ಹಲ್ಲೊಂದು ಕಾಣಿಸಿಕೊಳ್ಳುತ್ತದೆ. ಮೂರನೆಯ ಸಲ ಹಲ್ಲು ಬಂದಿತೆಂದು ಮನೆಯಲ್ಲಿ ಸಂಭ್ರಮ. ಕೂಸಿಗೆ ಮಾಡುವಂತೆ ಅಜ್ಜನಿಗೂ ಆರತಿ ಎತ್ತಲು ಹೊರಡುವ ಸೊಸೆಯರೂ ಇದ್ದಾರು. ಅದು ಹುಟ್ಟಿದ ಹಲ್ಲಲ್ಲ. ಹನ್ನೆರಡಕ್ಕೋ ಇಪ್ಪತ್ತಕ್ಕೋ ಬರಬೇಕಾಗಿದ್ದು ದವಡೆಯಲ್ಲಿಯೇ ಉಳಿದ ಕೋರೆಹಲ್ಲೋ ಬುದ್ಧಿಹಲ್ಲೋ ಅದು. ಕಟ್ಟಿದ ಹಲ್ಲಿನ ಕೆಳಗೆ ಎಲುಬು ಸವೆದು ಸವೆದು ಅದರ ತಲೆ ಬಯಲಾಗಿದೆ. ಕಟ್ಟಿದ ಹಲ್ಲು ಕೂರದೆ ಒತ್ತಿ ಹುಣ್ಣಾಗುವುದರಿಂದ ಅದನ್ನು ಸಾಧಾರಣವಾಗಿ ತೆಗೆಸಬೇಕಾಗುತ್ತದೆ. ವಯಸ್ಸಾದವರ ಎಲುಬು ಗಟ್ಟಿಯಾಗಿ ಹಲ್ಲನ್ನು ಬಿಗಿಹಿಡಿದಿರುವುದರಿಂದ, ಮೊದಲು ಚಿತ್ರ ತೆಗೆಸಿ, ರಕ್ತದೊತ್ತಡ ಸಕ್ಕರೆರೋಗಗಳನ್ನು ನೋಡಿಕೊಂಡು, ನಿಧಾನವಾಗಿ ತೆಗೆಯುವರು.